ಅಪ್‌ಡೇಟ್: ಬಾಗಿಲ ಹಿಡಿ ಮುಟ್ಟಿದೆ, ಕೈ ತೊಳೆಯಲಿಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ಬಾಗಿಲ ಹಿಡಿ ಮುಟ್ಟಿದರೂ ರೋಗ ಅಂಟಿತು ಅನ್ನಿಸುತ್ತದೆ, ಚರ್ಮ ಬಿರಿಯುವಷ್ಟು ಕೈ ತೊಳೆಯುತ್ತೇನೆ, ಇದು ಬರೀ ಅಭ್ಯಾಸವಾ, ಕಾಯಿಲೆಯಾ ಅಂತ. ಮನೋವೈದ್ಯರಿಗೆ ತೋರಿಸಿ ಎಂದು ನಿಮ್ಮಲ್ಲಿ ಹಲವರು ಹೇಳಿದಿರಿ. ತೋರಿಸಿದೆ. ಒಸಿಡಿ ಅಂದರು, ಅಂದರೆ ಬೇಡದ ಭಯ ಮತ್ತೆ ಮತ್ತೆ ಬಂದು, ಒಂದೇ ಕೆಲಸವನ್ನು ಪದೇ ಪದೇ ಮಾಡಿಸುವ ಮಾನಸಿಕ ಕಾಯಿಲೆ.

ಈಗ ಇಆರ್‌ಪಿ ಎಂಬ ಚಿಕಿತ್ಸೆ ನಡೆಯುತ್ತಿದೆ. ಭಯ ಹುಟ್ಟಿಸುವುದನ್ನು ಬೇಕಂತಲೇ ಮುಟ್ಟಬೇಕು, ಆಮೇಲೆ ತೊಳೆಯದೆ ಇರಬೇಕು. ಇದರ ಮೊದಲ ರೂಪವನ್ನು ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲೇ ವರದಿ ಮಾಡಿದ್ದರು.

ಮೊದಲ ದಿನ ಹಿಡಿ ಮುಟ್ಟಿ ಕೂತೆ. ಬೆರಳುಗಳನ್ನು ಒಂದಕ್ಕೊಂದು ತಾಗದಂತೆ ಅಗಲಿಸಿ ಮಂಡಿಯ ಮೇಲೆ ಇಟ್ಟುಕೊಂಡಿದ್ದೆ. "ಅದೂ ತಪ್ಪಿಸಿಕೊಳ್ಳುವುದೇ, ಕೈಯನ್ನು ಬಟ್ಟೆಗೆ ಸವರಿ" ಅಂದರು ಥೆರಪಿಸ್ಟ್. ಎದೆ ಡವಡವ. ಮುಕ್ಕಾಲು ಗಂಟೆ ಆದ ಮೇಲೆ ಭಯ ತಾನಾಗಿಯೇ ಇಳಿಯಿತು. ತೊಳೆಯದೆ ಇಳಿದದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

ಇದಕ್ಕಿಂತ ಜಾಸ್ತಿ ಕಷ್ಟವಾದದ್ದು ಇನ್ನೊಂದು. "ನನಗೇನೂ ಆಗಲ್ಲ ಅಲ್ವಾ?" ಎಂದು ಹೆಂಡತಿಯನ್ನು ಪದೇ ಪದೇ ಕೇಳುತ್ತಿದ್ದೆ. ಅದೂ ಕೈ ತೊಳೆದ ಹಾಗೆಯೇ, ಗಳಿಗೆ ಹೊತ್ತು ಸಮಾಧಾನ, ಮತ್ತೆ ಅದೇ ಭಯ. ಈಗ ಅವಳು ಉತ್ತರ ಕೊಡುವುದಿಲ್ಲ, ಸುಮ್ನೆ ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೂ ಇದು ಸುಲಭವಲ್ಲ.

ಎಸ್‌ಎಸ್‌ಆರ್‌ಐ ಎಂಬ, ಖಿನ್ನತೆ, ಆತಂಕಕ್ಕೂ ಕೊಡುವ ಬಗೆಯ ಮಾತ್ರೆಯೂ ಇದೆ. ಒಸಿಡಿಗೆ ಅದು ಪೂರ್ತಿ ಕೆಲಸ ಮಾಡಲು 8ರಿಂದ 12 ವಾರ ಬೇಕಾಗಬಹುದು. ಮೂರನೇ ವಾರ ಬಿಟ್ಟುಬಿಡೋಣ ಅನ್ನಿಸಿತ್ತು. ಬಿಡಲಿಲ್ಲ, ಒಳ್ಳೆಯದಾಯಿತು.

ಊಟಕ್ಕೆ ಮುಂಚೆ, ಶೌಚದ ನಂತರ 20 ಸೆಕೆಂಡು ತೊಳೆಯುತ್ತೇನೆ, ಅಷ್ಟೇ. ಆಸ್ಪತ್ರೆಗೆ ಹೋಗಿ ಬಂದ ದಿನ ಇನ್ನೂ ಸೋಲುತ್ತೇನೆ. ಬೆರಳ ಸಂದಿಯ ಬಿರುಕುಗಳು ಮಾತ್ರ ಮುಚ್ಚಿಕೊಂಡಿವೆ.