ಅಮ್ಮನ ಕೈಹಿಡಿತ ಸಡಿಲವಾಗಿದೆ, ವಯಸ್ಸು ಅಂತ ಬಿಟ್ಟುಬಿಡಬಹುದೇ?

ನೀರ್ಚಾಲಿನ ಮಗಳು:

ಅಮ್ಮನಿಗೆ 71 ವರ್ಷ. ನೀರ್ಚಾಲಿನ ಹತ್ತಿರ ನಮ್ಮ ಮನೆ, ಸಣ್ಣ ಅಡಿಕೆ ತೋಟ. ತಮ್ಮ, ತಮ್ಮನ ಹೆಂಡತಿ ಅಮ್ಮನ ಜೊತೆ ಇದ್ದಾರೆ. ನಾನಿರುವುದು ಮಂಗಳೂರಿನಲ್ಲಿ.

ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮ ಹೆರೆಮಣೆಯಲ್ಲಿ ಕೂತು ಕಾಯಿ ಹೆರೆಯುತ್ತಿದ್ದರು. ಎರಡು ಸಲ ಕಾಯಿಯ ಕಡಿ ಕೈಯಿಂದ ಜಾರಿ ಬಿತ್ತು. ನಾನು ನೋಡಿದ್ದು ಗೊತ್ತಾದ ಕೂಡಲೇ "ಕೈಯಲ್ಲಿ ಎಣ್ಣೆ ಇತ್ತು" ಎಂದರು. ಎಣ್ಣೆ ಇರಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಅಮ್ಮ ಹಿಂಡಿ ಹಾಕಿದ ಸೀರೆಯಿಂದ ನೀರು ಇಳಿಯುತ್ತಲೇ ಇರುತ್ತದೆ. ಮಾತ್ರೆ ಡಬ್ಬಿಯ ಮುಚ್ಚಳ ತಿರುಗಿಸಲು ಮೊಮ್ಮಗನನ್ನು ಕರೆಯುತ್ತಾರೆ. ನೆಲದಿಂದ ಏಳಬೇಕಾದರೆ ದಾರಂದ ಹಿಡಿಯಲೇಬೇಕು. ನಾವು ಸಣ್ಣವರಿದ್ದಾಗ ಹಟ್ಟಿಗೆ, ಅಡುಗೆಗೆ, ಬಚ್ಚಲಿಗೆ ಎಲ್ಲ ನೀರನ್ನೂ ಬಾವಿಯಿಂದ ಸೇದಿದ ಕೈ ಅದು.

ಒಬ್ಬ ಡಾಕ್ಟರಿಗೆ ತೋರಿಸಿದೆವು. "ವಯಸ್ಸಾಯಿತಲ್ಲ" ಎಂದು ಹೇಳಿ ವಿಟಮಿನ್ ಮಾತ್ರೆ ಬರೆದರು. ಕೈಯನ್ನು ಹಿಡಿದು ಕೂಡ ನೋಡಲಿಲ್ಲ. ನನಗೆ ಅದು ತುಂಬಾ ಬೇಸರವಾಯಿತು. ಹಿಸುಕುವ ರಬ್ಬರ್ ಚೆಂಡು ತಂದುಕೊಟ್ಟರೆ ಸಾಕಾ? ಬೇರೆ ಏನಾದರೂ ನೋಡಬೇಕಾ?

ಕುಂಬಳೆ ಫಿಸಿಯೋ:

ಅಕ್ಕಾ, ನೀವು ಗಮನಿಸಿದ್ದು ಒಳ್ಳೆಯದಾಯಿತು. ಕೈಹಿಡಿತ ಅಂದರೆ ಕೈಯ ಲೆಕ್ಕ ಮಾತ್ರ ಅಲ್ಲ. ಇಡೀ ಮೈಯ ಸ್ನಾಯುಗಳು ಹೇಗಿವೆ ಎಂದು ಅದು ಹೇಳುತ್ತದೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಹಿಡಿತ ಅಳೆದಿದ್ದರು. ಹಿಡಿತ 5 ಕಿಲೋ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ 16 ಶೇಕಡಾ ಜಾಸ್ತಿ ಕಂಡಿತು. ಹೆದರಿಸಲು ಹೇಳುತ್ತಿಲ್ಲ. ಕೈ ಸೋತದ್ದರಿಂದಲೇ ಸಾವು ಬರುತ್ತದೆ ಎಂದು ಇದರ ಅರ್ಥವೂ ಅಲ್ಲ. "ವಯಸ್ಸಾಯಿತು" ಎಂದು ತಳ್ಳಿಹಾಕುವ ವಿಷಯ ಇದಲ್ಲ, ಅಷ್ಟೇ.

ಡೈನಮೋಮೀಟರ್ ಎಂಬ ಉಪಕರಣ ಇದೆ. ಕೂತು, ಮೊಣಕೈ ಮಡಚಿ, ಅದನ್ನು ಜೋರಾಗಿ ಹಿಂಡಬೇಕು. ಏಷ್ಯಾದ ತಜ್ಞರು 2019ರಲ್ಲಿ ಇಟ್ಟ ಲೆಕ್ಕದಂತೆ ಹೆಂಗಸರಲ್ಲಿ 18 ಕಿಲೋ, ಗಂಡಸರಲ್ಲಿ 28 ಕಿಲೋಗಿಂತ ಕೆಳಗಿದ್ದರೆ ಕಡಿಮೆ. ಮನೆಯಲ್ಲಿ ಉಪಕರಣ ಇಲ್ಲದಿದ್ದರೆ ಹೀಗೆ ನೋಡಿ: ಅಮ್ಮ ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ 5 ಸಲ ಎದ್ದು ಕೂರಲಿ. 12 ಸೆಕೆಂಡಾದರೂ ಮುಗಿಯದಿದ್ದರೆ ಕಾಲಿನ ಬಲವೂ ಇಳಿದಿದೆ ಎಂದು ಲೆಕ್ಕ. ಪಕ್ಕದಲ್ಲಿ ಒಬ್ಬರು ನಿಂತಿರಿ.

ಚೆಂಡು ತನ್ನಿ, ಬೇಡ ಎನ್ನುವುದಿಲ್ಲ. ಆದರೆ ಚೆಂಡು ಹಿಸುಕಿದರೆ ಬೆರಳು ಗಟ್ಟಿಯಾಗಬಹುದು, ನೆಲದಿಂದ ಏಳಲು ಬರುವುದಿಲ್ಲ. ಅಮ್ಮ ದಾರಂದ ಹಿಡಿಯುತ್ತಾರೆ ಎಂದಿರಲ್ಲ, ನನಗೆ ಮುಖ್ಯ ಅನಿಸಿದ್ದು ಅದು.

ಇನ್ನೊಂದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತದೆಯೇ ಕೇಳಿ. ಮಣಿಕಟ್ಟಿನಲ್ಲಿ ನರ ಒತ್ತಿದರೆ ಹಾಗಾಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕುತ್ತಿಗೆಯ ತೊಂದರೆ ಇದ್ದರೂ ಕೈ ಸೋಲುತ್ತದೆ. ಒಂದೇ ಕೈ ಇದ್ದಕ್ಕಿದ್ದಂತೆ ಸೋತು, ಮಾತು ತೊದಲಿದರೆ ಅಥವಾ ಬಾಯಿ ಓರೆಯಾದರೆ ಫಿಸಿಯೋ ಹತ್ತಿರ ಬರಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೆರ್ಲದ ಮಾಷ್ಟ್ರು:

ಮಗಳೇ, ನನಗೀಗ 76. ಹತ್ತು ವರ್ಷದ ಹಿಂದೆ ಬೆನ್ನು ನೋವು ಬಂತು ಅಂತ ಮಕ್ಕಳು ನನ್ನ ಕೆಲಸವನ್ನೆಲ್ಲ ತೆಗೆದುಕೊಂಡರು. ತೋಟಕ್ಕೆ ಹೋಗಬೇಡಿ, ಅಡಿಕೆ ಸುಲಿಯಬೇಡಿ, ಅಂಗಡಿ ಚೀಲ ನಾವು ತರುತ್ತೇವೆ. ಪ್ರೀತಿಯಿಂದಲೇ ಹೇಳಿದ್ದು. ನೋವು ಒಂದು ತಿಂಗಳಲ್ಲಿ ಹೋಯಿತು. ಕೆಲಸ ಮಾತ್ರ ವಾಪಸು ಬರಲಿಲ್ಲ. ಎರಡು ವರ್ಷದಲ್ಲಿ ಬಸ್ಸಿನ ಕಂಬಿ ಹಿಡಿದು ಮೆಟ್ಟಿಲು ಹತ್ತುವುದೂ ಕಷ್ಟವಾಯಿತು.

ನಿಮ್ಮಲ್ಲಿ ಅಮ್ಮನ ಕೆಲಸ ಏನೇನು ನಿಂತಿದೆ ಎಂದು ಒಮ್ಮೆ ಯೋಚನೆ ಮಾಡಿ. ಪಂಪು ಬಂದಿರುತ್ತದೆ, ಕಡೆಯುವ ಕಲ್ಲಿನ ಬದಲು ಗ್ರೈಂಡರ್ ಬಂದಿರುತ್ತದೆ. ಅದು ತಪ್ಪಲ್ಲ. ಆದರೆ ಕೈಗೆ ಬದಲಿಗೆ ಏನು ಸಿಕ್ಕಿತು?

ರಾತ್ರಿ ಊಟವೂ ನೋಡಿ. ನಾನು ವರ್ಷಗಟ್ಟಲೆ ಗಂಜಿ, ಉಪ್ಪಿನಕಾಯಿಯಲ್ಲೇ ಮುಗಿಸುತ್ತಿದ್ದೆ. ಈಗ ಹುರುಳಿಯೋ ಹೆಸರೋ ಒಂದು ಕಾಳು, ಮೊಸರು ಇರಲೇಬೇಕು.

ಕುಂಬಳೆ ಫಿಸಿಯೋ:

ಮಾಷ್ಟ್ರು ಹೇಳಿದ್ದು ಸರಿ. ವಯಸ್ಸಾದವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ. ಇನ್ನು ತಡವಾಯಿತು ಅಂತ ಅಂದುಕೊಳ್ಳಬೇಡಿ. 1990ರಲ್ಲಿ ಅಮೆರಿಕದಲ್ಲಿ ವೃದ್ಧಾಶ್ರಮದ 90ರ ಆಸುಪಾಸಿನ 10 ಜನರಿಗೆ 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಮುಗಿಸಿದವರ ತೊಡೆಯ ಬಲ ಎರಡು ಪಟ್ಟಿಗಿಂತಲೂ ಜಾಸ್ತಿಯಾಗಿತ್ತು.

ನೀರ್ಚಾಲಿನ ಮಗಳು:

ಇಬ್ಬರಿಗೂ ತುಂಬಾ ಉಪಕಾರವಾಯಿತು. ಆರು ವಾರದ ಮೇಲೆ ಬರೆಯುತ್ತಿದ್ದೇನೆ.

ಮಾಷ್ಟ್ರೇ, ನಿಮ್ಮ ಪ್ರಶ್ನೆ ಓದಿ ನಾನು, ತಮ್ಮ ಇಬ್ಬರೂ ಸುಮ್ಮನೆ ಕೂತೆವು. ಅಮ್ಮ ಅಡಿಕೆ ಸುಲಿಯುವುದನ್ನು ನಿಲ್ಲಿಸಿದ್ದು ನಾವೇ. ಅಪ್ಪ ತೀರಿಕೊಂಡ ವರ್ಷ.

ಕ್ಲಿನಿಕ್ಕಿನಲ್ಲಿ ಅಳೆಸಿದೆವು. ಬಲಗೈ 14 ಕಿಲೋ, ಎಡಗೈ 13. ಕುರ್ಚಿಯಿಂದ ಏಳಲು 19 ಸೆಕೆಂಡು. ಬೆರಳು ಜೋಮು ಹಿಡಿಯುವುದಿಲ್ಲವಂತೆ. ಈಗ ಬೆಳಿಗ್ಗೆ, ಸಂಜೆ ಗೋಡೆಗೆ ತಾಗಿಸಿದ ಕುರ್ಚಿಯಿಂದ ಹತ್ತತ್ತು ಸಲ ಏಳುತ್ತಾರೆ. ಅರ್ಧ ಬಕೆಟ್ ನೀರನ್ನು ಎರಡೂ ಕೈಯಲ್ಲಿ ಬದಲಿಸಿ ತುಳಸಿಕಟ್ಟೆಯವರೆಗೆ ಒಯ್ಯುತ್ತಾರೆ. ಬಾವಿಕಟ್ಟೆ ಜಾರುತ್ತದೆ ಎಂದು ಸೇದಲು ಬಿಟ್ಟಿಲ್ಲ, ಅದಕ್ಕೆ ಅಮ್ಮನಿಗೆ ಸ್ವಲ್ಪ ಕೋಪ ಇದೆ.

ಮೊನ್ನೆ ಕುರ್ಚಿಯಿಂದ ಏಳುವುದು 16 ಸೆಕೆಂಡಿಗೆ ಬಂತು. ಹಿಡಿತ ಇನ್ನೂ ಅಳೆಸಿಲ್ಲ. ಕಾಯಿ ಹೆರೆಯಲು ತಮ್ಮನ ಹೆಂಡತಿ ಕೂತರೆ "ನೀನು ಒಡೆದು ಕೊಡು, ಸಾಕು" ಎಂದು ಎಬ್ಬಿಸುತ್ತಾರೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಯ ರಿಪೋರ್ಟು ಶುಕ್ರವಾರ ಸಿಗುತ್ತದೆ. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.