‘ಪರಿಸರ ದಕ್ಷತೆ’ ಅಂದರೆ ಯಾರ ದಕ್ಷತೆ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಅರ್ಥಶಾಸ್ತ್ರ ಓದುವ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಯಾವ ಪ್ರದೇಶದ ಕಾರ್ಖಾನೆಗಳು ಕಡಿಮೆ ಕಲ್ಲಿದ್ದಲು, ಕರೆಂಟು, ನೀರು ಬಳಸಿ, ಕಡಿಮೆ ಹೊಗೆ ಬಿಟ್ಟು, ಜಾಸ್ತಿ ಮಾಲು ತೆಗೆಯುತ್ತವೆ ಅಂತ ಅಳೆಯುತ್ತಾರಲ್ಲ, ಎನ್ವಿರಾನ್‌ಮೆಂಟಲ್ ಎಫಿಷಿಯನ್ಸಿ ಅನ್ನುವುದು, ಅದಕ್ಕೆ ಏನನ್ನೋಣ?

‘ಪರಿಸರ ದಕ್ಷತೆ’ ಅಂತ ಬರೆದೆ. ಓದಿದ ಹುಡುಗಿ ಕೇಳಿದಳು: “ಸರ್, ದಕ್ಷತೆ ಪರಿಸರದ್ದಾ, ಕಾರ್ಖಾನೇದಾ?” ಸರಿಯಾದ ಪ್ರಶ್ನೆ. ‘ಕ್ಷಮತೆ’ ಅಂದರೆ ತಾಕತ್ತು ಅಂತ ಓದಿಕೊಳ್ಳುತ್ತಾರೆ. ಅಚ್ಚಗನ್ನಡದ ‘ಅಳವು’ ನನಗೆ ಇಷ್ಟ, ಆದರೆ ಅದೂ ಶಕ್ತಿಯ ಕಡೆಗೇ ವಾಲುತ್ತದೆ. ‘ಪರಿಸರಸ್ನೇಹಿ’ಯಲ್ಲಂತೂ ಲೆಕ್ಕವೇ ಇಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಫೌಂಡ್ರಿಯೊಂದರಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಮೇಸ್ತ್ರಿಯೊಬ್ಬರು ಹಳೆಯ ಭಟ್ಟಿ ತೋರಿಸಿ, “ಇದು ಆವರೇಜ್ ಚಲೋ ಕೊಡ್ತಿತ್ರಿ, ಆದ್ರ ಹೊಗಿ ಭಾಳ” ಅಂದರು. ನಮ್ಮ ಕಡೆ ಗಾಡಿಯ ಮೈಲೇಜಿಗೆ ಆವರೇಜ್ ಅಂತೀವಲ್ಲ, ಅದೇ ಪದ. ಒಂದು ಟನ್ ಬೀಡುಕಬ್ಬಿಣ ಕರಗಿಸಲು ಎಷ್ಟು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಉರುವಲು) ಬೇಕು ಅನ್ನುವುದು ಅದರ ಅರ್ಥ. ಹೊಗೆ ಮಾತ್ರ ‘ಆದ್ರ’ ಆದಮೇಲೆ ಬಂತು, ಲೆಕ್ಕದ ಹೊರಗೆ. ನಾನು ಹುಡುಕುತ್ತಿರುವ ಪದದಲ್ಲಿ ಹೊಗೆ ಲೆಕ್ಕದ ಒಳಗೇ ಇರಬೇಕು.

ಅದಕ್ಕೇ ‘ಪರಿಸರ ಲೆಕ್ಕದ ದಕ್ಷತೆ’ ಅನ್ನಬಹುದಾ ಅಂತ ಯೋಚನೆ. ಉದ್ದ ಆಯಿತು, ಗೊತ್ತು.

ಇನ್ನೊಂದು ತೊಡಕು. ಇದನ್ನು ಅಳೆಯಲು ಜಾಸ್ತಿ ಬಳಸುವುದು 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಸಂಶೋಧಕರು ಕೊಟ್ಟ ಡೇಟಾ ಎನ್ವೆಲಪ್‌ಮೆಂಟ್ ಅನಾಲಿಸಿಸ್ ವಿಧಾನ. ಗುಂಪಿನಲ್ಲಿ ಎಲ್ಲರಿಗಿಂತ ಮುಂದಿರುವವರಿಗೆ 1 ಅಂಕ, ಉಳಿದವರಿಗೆ ಅವರಿಗಿಂತ ಎಷ್ಟು ಹಿಂದಿದ್ದಾರೆ ಅನ್ನುವುದರ ಮೇಲೆ ಕಡಿಮೆ ಅಂಕ. ಎಲ್ಲರೂ ಹೊಗೆ ಕಾರುವ ಗುಂಪಿನಲ್ಲೂ ಯಾರೋ ಒಬ್ಬರಿಗೆ 1 ಸಿಕ್ಕೇ ಸಿಗುತ್ತದೆ. ಅವರನ್ನು ‘ದಕ್ಷ’ ಅಂತ ಬರೆದರೆ ಓದುವವರು ಶುದ್ಧ ಅಂತ ತಿಳಿಯುತ್ತಾರೆ, ಅಲ್ವಾ? ‘ಗುಂಪಿಗೆ ಮುಂದು’ ಅಂದರೆ ವಾಸಿ.

ಮಾಲಿನ ಜೊತೆಗೇ ಹುಟ್ಟುವ ಸಲ್ಫರ್ ಡೈಆಕ್ಸೈಡ್, ಕೊಳೆ ನೀರಿಗೆ ‘ತ್ಯಾಜ್ಯ’ ಸಾಲದು. ತ್ಯಾಜ್ಯ ಅಂದರೆ ಭಟ್ಟಿಯ ಪಕ್ಕ ಗುಡ್ಡೆ ಬಿದ್ದ ಕಿಟ್ಟ ಕಣ್ಣಿಗೆ ಬರುತ್ತದೆ, ಸಲಿಕೆಯಲ್ಲಿ ಎತ್ತಿ ತೂಗಬಹುದಾದದ್ದು. ಕಾಣದ ಅನಿಲ ಬರುವುದಿಲ್ಲ. ‘ಬೇಡದ ಹುಟ್ಟುವಳಿ’ ಅಂತ ಇಟ್ಟಿದ್ದೇನೆ.

ಗದಗ-ಬೆಟಗೇರಿಯ ಮಗ್ಗದವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ತೆಗೆಯುವ ಘಟಕದವರು ಇದಕ್ಕೆಲ್ಲ ದಿನಾ ಯಾವ ಮಾತು ಬಳಸುತ್ತಾರೆ? ಕೇಳಿದವರು ದಯವಿಟ್ಟು ಬರೆಯಿರಿ, ಅವರು ಆಡಿದ ಹಾಗೇ.