ಸಹಾಯ ಬೇಕು: ಪಿಸಿ ಗೇಮ್ ಟಿವಿಯಲ್ಲಿ ಆಡಿದರೆ ಬಟನ್ ತಡ

ಪುಣೆಯ ಗೆಳೆಯರೇ, ಯಾರಾದರೂ ದಾರಿ ತೋರಿಸಿ. ಕೋಥ್ರೂಡ್‌ನಲ್ಲಿ ಬಾಡಿಗೆ ಮನೆ. ಪಿಸಿ ಒಳಗಿನ ರೂಮಿನಲ್ಲಿ, ಟಿವಿ ಹಾಲ್‌ನಲ್ಲಿ. ಪಿಸಿಯಲ್ಲಿ ಗೇಮ್‌ನ ಚಿತ್ರವನ್ನು ನೆಟ್‌ವರ್ಕ್ ಮೂಲಕ ಕಳಿಸುವ ಸನ್‌ಶೈನ್ ಆ್ಯಪ್ ಇದೆ, ಟಿವಿಗೆ ಸಿಕ್ಕಿಸಿದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರಲ್ಲಿ ಅದನ್ನು ತೋರಿಸುವ ಮೂನ್‌ಲೈಟ್ ಆ್ಯಪ್. 1080ಪಿ, 60 ಫ್ರೇಮ್. ಚಿತ್ರ ಚೆನ್ನಾಗಿಯೇ ಬರುತ್ತದೆ, ಆದರೆ ಬಟನ್ ಒತ್ತಿದ್ದು ತಡವಾಗಿ ತಟ್ಟುತ್ತದೆ, ಕ್ರಿಕೆಟ್ ಗೇಮ್‌ನಲ್ಲಂತೂ ಬ್ಯಾಟ್ ಬೀಸುವಷ್ಟರಲ್ಲಿ ಬೇಲ್ಸ್ ಬಿದ್ದಿರುತ್ತವೆ!

ಮೊದಲು ವೈಫೈ ಮೇಲೆ ಅನುಮಾನ ಬಂತು. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದೆ, ಬಿಟ್‌ರೇಟ್ 20ರಿಂದ 10 ಎಂಬಿಪಿಎಸ್‌ಗೆ ಇಳಿಸಿದೆ. ಆಮೇಲೆ ಪಿಸಿಗೂ ಪೈಗೂ ಲ್ಯಾನ್ ಕೇಬಲ್ಲೇ ಎಳೆದೆ. ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ, ಹಾಗಾಗಿ ಅದು ಬಾಗಿಲ ಸಂದಿಯಲ್ಲಿ ತೂರಿಕೊಂಡು ಬಂದಿದೆ, ಅಮ್ಮ ದಿನಾ ಎಡವುತ್ತಾರೆ. ವಿಡಿಯೊ ಕುಗ್ಗಿಸುವ ವಿಧಾನವನ್ನೂ ಬದಲಿಸಿ, ಎಚ್.264 ಬಿಟ್ಟು ಎಚ್‌ಇವಿಸಿ ಕೂಡ ಹಾಕಿ ನೋಡಿದೆ. ಎರಡಕ್ಕೂ ಪೈ 4ರಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಕುಗ್ಗಿಸಿದ ವಿಡಿಯೊವನ್ನು ಚಿಪ್‌ನಲ್ಲೇ ಬಿಚ್ಚುವುದು) ಇದೆ ಅಲ್ವಾ, ಆದರೂ ಅಷ್ಟೇ.

ತಲೆ ಕೆಡುವುದು ಇಲ್ಲೇ. ಕಂಟ್ರೋಲ್, ಆಲ್ಟ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ಮೂನ್‌ಲೈಟ್ ತೋರಿಸುವ ಲೆಕ್ಕದಲ್ಲಿ ನೆಟ್‌ವರ್ಕ್ ತಡವೂ ಕಡಿಮೆ, ಡಿಕೋಡ್ ತಡವೂ ಕಡಿಮೆ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ತಡ ತಗ್ಗಿಸುವ ಗೇಮ್ ಮೋಡ್ ಎಲ್ಲೂ ಕಾಣುತ್ತಿಲ್ಲ. ಕಂಟ್ರೋಲರ್ ಬ್ಲೂಟೂತ್‌ನದ್ದು, ಪೈಗೆ ಜೋಡಿಸಿದ್ದೇನೆ.

ಈ ಲೆಕ್ಕಕ್ಕೆ ಸಿಗದ ತಡ ಟಿವಿಯದ್ದಾ, ಬ್ಲೂಟೂತ್‌ನದ್ದಾ? ಸುಮ್ನೆ ದುಡ್ಡು ಸುರಿಯದೆ ಪತ್ತೆ ಹಚ್ಚುವುದು ಹೇಗೆ?